ಹತ್ತಿದವರೇ ಇಳಿಯಬೇಕು

ಹೋದ ಭಾನುವಾರ ನನ್ನ ಸೊಸೆ ನನ್ನನ್ನು ಸಿಐಡಿ ಕೆಲಸಕ್ಕೆ ಹಾಕಿದಳು.

ತನಿಖೆ ಮಾಡಬೇಕಾಗಿದ್ದು ಒಂದು ತೋಟವನ್ನು. ಮೊಮ್ಮಗಳು ಮಾನ್ಯ ಮೂರನೇ ಕ್ಲಾಸು. ಭಾನುವಾರ ಬಂತೆಂದರೆ ನರಸೀಪುರದ ನಮ್ಮ ಮನೆಯಿಂದ ಸೋಸಲೆ ಕಡೆಯ ಆ ತೋಟಕ್ಕೆ ಹೊರಡುತ್ತಾಳೆ. ಗಿರಿಜ ಎಂಬಾಕೆ ತನ್ನ ಹಳೇ ತೆಂಗಿನ ತೋಪನ್ನು ಕಾಡಿನ ಹಾಗೆ ಬೆಳೆಸಿ, ಮಕ್ಕಳನ್ನು ಅದರೊಳಗೆ ಬಿಟ್ಟಿದ್ದಾಳೆ. ಗೋಡೆಯಿಲ್ಲ, ಬೋರ್ಡಿಲ್ಲ, ಹೋಂವರ್ಕಿಲ್ಲ. ಇದಕ್ಕೆ ಪರ್ಮಾಕಲ್ಚರ್ ಎಂದು ಹೆಸರಂತೆ. (ಮೊದಲೆಲ್ಲ ಈ ಅಂಕಣ ಪೆನ್ನಲ್ಲಿ ಬರೆದು ಕಳಿಸುತ್ತಿದ್ದೆ. ಈಗ ಫೋನಿನಲ್ಲೇ ಟೈಪ್ ಮಾಡುವುದು ಕಲಿತಿದ್ದೇನೆ. ಈ ಒಂದು ಪದ ಒತ್ತುವಷ್ಟರಲ್ಲಿ ಕಾಫಿ ಆರಿಹೋಯಿತು.)

ಅದಕ್ಕೂ ಹಿಂದಿನ ವಾರ ಮಾನ್ಯ ಮಂಡಿ ತರಚಿಕೊಂಡು, ತಲೆತುಂಬ ಮಣ್ಣು ಮಾಡಿಕೊಂಡು ಬಂದಿದ್ದಳು. ಸೊಸೆ ಸುಮಾ ಆಗಲೇ ತೀರ್ಮಾನಕ್ಕೆ ಬಂದಂತಿತ್ತು.

"ಅತ್ತೆ, ಈ ವಾರ ನೀವೂ ಜೊತೇಲಿ ಹೋಗಿ. ಏನ್ ಮಾಡ್ತಾರೋ ನೋಡ್ಕೊಂಡ್ ಬನ್ನಿ. ಡೇಂಜರ್ ಅನ್ನಿಸ್ತಾ, ಬಿಡಿಸ್ಬಿಟ್ಟು ಅಬಾಕಸ್‌ಗೆ ಹಾಕ್ತೀನಿ. ಮಧ್ಯಾಹ್ನ ನಾನೇ ಬಂದು ಕರ್ಕೊಂಡ್ ಬರ್ತೀನಿ."

ಮಾನ್ಯ ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸಿಕೊಂಡಿದ್ದಳು. ಆಟೋದಲ್ಲಿ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ.

"ಅಜ್ಜಿ, ಚೆನ್ನಾಗಿದೆ ಅಂತ ಹೇಳ್ತೀಯ ಅಲ್ವಾ?"

"ನೋಡಣ. ಲಂಚ ಏನ್ ಕೊಡ್ತೀಯ?"

ಅವಳು ನಗಲಿಲ್ಲ. ಮಗುವಿನ ಭಾನುವಾರವೇ ನನ್ನ ನಾಲಿಗೆ ಮೇಲೆ ಕೂತಿತ್ತು, ಪಾಪ.

ತೋಟದೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಪೊರಕೆ ಹುಡುಕಿತು. ನೆಲ ಕಾಣದ ಹಾಗೆ ಒಣಗಿದ ಎಲೆ, ತೆಂಗಿನ ಗರಿ! ಬೆಳಗ್ಗೆ ಎದ್ದು ಅಂಗಳ ಗುಡಿಸಿ ನೀರು ಹಾಕದಿದ್ದರೆ ಕಾಫಿ ಇಳಿಯದ ಜನ ನಾವು. ಗುಡಿಸೋರು ಯಾರೂ ಇಲ್ವಾ ಎಂದೆ.

"ಅಯ್ಯೋ ಅಜ್ಜಿ, ಅದು ಮಣ್ಣಿಗೆ ಹೊದಿಕೆ," ಎಂದು ಮಾನ್ಯ ಒಂದು ಹಿಡಿ ಎಲೆ ಸರಿಸಿದಳು. ಕೆಳಗೆ ತಣ್ಣಗಿನ ಕಪ್ಪು ಮಣ್ಣು, ಗಾಬರಿಯಾಗಿ ಒಳಗೆ ಓಡುತ್ತಿದ್ದ ಎರೆಹುಳು. ಮತ್ತೆ ಹೊದಿಸಿದಳು, ತೊಟ್ಟಿಲ ಕೂಸಿಗೆ ಹೊದಿಸುವಂತೆ. ಆಚೆ ಪಾತ್ರೆ ತೊಳೆದ ನೀರು ಇಳಿಯುವ ಗುಂಡಿ, ಅದರ ಸುತ್ತ ಬಾಳೆ, ಬಾಳೆಯ ನೆರಳಲ್ಲಿ ಅರಿಶಿನ, ಕೆಸು. ಮಕ್ಕಳು ಮೊಣಕೈವರೆಗೆ ಕೆಸರು ಮಾಡಿಕೊಂಡು ಗುಂಡಿಗೆ ಸೊಪ್ಪು ತುಂಬುತ್ತಿದ್ದವು. ಮುಟ್ಟಬೇಡ, ಕೊಳೆ, ಛೀ ಎನ್ನುವ ಮಾತೇ ಇಲ್ಲ.

"ಇಲ್ಲಿ ರೂಲ್ಸು ಒಂದೇ ಕಣಮ್ಮಾ," ಎಂದಳು ಗಿರಿಜ. "ಮರ ಅತ್ತಿದೋರೇ ಇಳೀಬೇಕು. ಯಾರೂ ಎತ್ತಿ ಅತ್ತಿಸಂಗಿಲ್ಲ, ಎತ್ತಿ ಇಳಿಸಂಗೂ ಇಲ್ಲ. ಇಳಿಯಕ್ಕೆ ಆಗೋಷ್ಟೇ ಅತ್ತವೆ ಮಕ್ಳು."

ಒಳ್ಳೆಯ ರೂಲ್ಸು. ಇದೊಂದನ್ನೇ ಸೊಸೆಗೆ ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಅಲ್ಲೊಂದು ಸೀಬೆ ಮರವಿತ್ತು. ಕವಲಿನ ಮೇಲೆ ಒಂದು ದೋರೆಗಾಯಿ, ಅತ್ತ ಕಾಯಿಯೂ ಅಲ್ಲ, ಇತ್ತ ಹಣ್ಣೂ ಅಲ್ಲ, ನನ್ನನ್ನೇ ನೋಡುತ್ತಿತ್ತು. ಕಿತ್ತುಕೊಡಿ ಎಂದರೆ ಮರದ ಮೇಲಿದ್ದ ಹುಡುಗಿ, "ಬೇಕಾದೋರು ಬಂದು ಕಿತ್ಕೋಬೇಕು ಅಜ್ಜಿ," ಎನ್ನಬೇಕೇ?

ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಹತ್ತಿದೆ. ಹೌದು ಕಣ್ರೀ, ಹತ್ತಿಯೇ ಹತ್ತಿದೆ! ಕವಲಿನಲ್ಲಿ ಕೂತು ಕಾಯಿ ಕಚ್ಚಿದೆ. ಅಂಥ ರುಚಿಯ ಸೀಬೆ ತಿಂದು ಎಷ್ಟು ಕಾಲವಾಗಿತ್ತೋ.

ಆಮೇಲೆ ಕೆಳಗೆ ನೋಡಿದೆ. ಹತ್ತುವಾಗ ಇಷ್ಟುದ್ದ ಇದ್ದ ಮರ ಅಷ್ಟರಲ್ಲಿ ಬೆಳೆದುಬಿಟ್ಟಿತ್ತು.

"ಗಿರಿಜಾ, ಏಣಿ ಇದ್ರೆ ತಾರವ್ವ."

"ಅಜ್ಜಿಗೊಂದು ರೂಲ್ಸು, ಮೊಮ್ಮಗಳಿಗೊಂದು ರೂಲ್ಸಾ?" ಕೊಂಬೆಯ ಕೆಳಗೇ ಬಂದು ನಿಂತಳು. ಆದರೆ ಕೈ ಮಾತ್ರ ಚಾಚಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಗೇಟಿನಲ್ಲಿ ಸುಮಾಳ ಸ್ಕೂಟರ್ ನಿಂತಿತು.

"ಅತ್ತೆ! ಏನತ್ತೆ ಇದು? ನಿಮ್ಮನ್ನ ಕಳಿಸಿದ್ದು ಯಾಕೆ, ನೀವ್ ಮಾಡ್ತಿರೋದೇನು?" ಹೆಲ್ಮೆಟ್ಟನ್ನೂ ತೆಗೆಯದೆ ಓಡಿಬಂದಳು. ಮುಗಿಯಿತು, ಅಬಾಕಸ್ಸೇ ಗತಿ ಎಂದುಕೊಂಡೆ.

ಮಾನ್ಯ ಅಡ್ಡ ನಿಂತಳು. "ಅಮ್ಮ, ಮುಟ್ಬೇಡ. ಅಜ್ಜಿ ಇಳೀತಾಳೆ."

ಶೂ ಲೇಸು ಕಟ್ಟಿಸಿಕೊಳ್ಳಲು ಕಾಲು ಚಾಚಿ ಕೂರುವ ಹುಡುಗಿ ಇದು! ನೀರಿನ ಬಾಟಲನ್ನೂ ಅವರಮ್ಮನೇ ಹೊರಬೇಕು. ಈಗ ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಾಳೆ, ದನಿಯಲ್ಲಿ ನಡುಕವಿಲ್ಲ.

"ಅಜ್ಜಿ, ಕೆಳಗೆ ನೋಡ್ಬೇಡ, ಮರನ ತಬ್ಕೋ. ಬಲಗಾಲು ಬಿಡು. ಇನ್ನೊಂಚೂರು. ಗಂಟು ಸಿಕ್ತಾ?"

"ಸಿಕ್ತು ಕಣೇ."

"ತಕ್ಷಣ ನಿಂತ್ಕೋಬೇಡ. ಮೆಲ್ಲಗೆ ಭಾರ ಹಾಕಿ ನೋಡು. ಅಲ್ಲಾಡ್ತಾ?"

"ಇಲ್ಲ."

"ಹಂಗಾರೆ ಈಗ ಎಡಗಾಲು. ಅರ್ಜೆಂಟ್ ಇಲ್ಲ ಅಜ್ಜಿ, ಊಟಕ್ಕಿನ್ನೂ ಟೈಮಿದೆ."

ಗಂಟು ಹುಡುಕಿ, ಭಾರ ಹಾಕಿ, ತಬ್ಬಿ, ಜಾರಿ, ಅಂತೂ ನೆಲ ಮುಟ್ಟಿದೆ. ಮಕ್ಕಳೆಲ್ಲ ಹೋ ಎಂದವು. ನನ್ನ ಮೊಣಕೈ ತರಚಿತ್ತು. ಸುಮಾ ಅದನ್ನು ನೋಡಲೇ ಇಲ್ಲ. ಹೆಲ್ಮೆಟ್ ಹಾಕಿಕೊಂಡೇ ನಿಂತು ಮಗಳನ್ನು ನೋಡುತ್ತಿದ್ದಳು, ಯಾರ ಮನೆ ಹುಡುಗಿಯೋ ಎಂಬಂತೆ.

ನಾವು ಮಕ್ಕಳನ್ನು ಎತ್ತಿ ಹತ್ತಿಸುತ್ತೇವೆ, ಎತ್ತಿಯೇ ಇಳಿಸುತ್ತೇವೆ. ಆಮೇಲೆ, ಇವಕ್ಕೆ ಧೈರ್ಯವೇ ಇಲ್ಲ ಎಂದು ನಾವೇ ದೂರುತ್ತೇವೆ. ಕಾಲಿಗೆ ಗಂಟು ಸಿಕ್ಕಿತೋ ಇಲ್ಲವೋ ಎಂದು ಹುಡುಕಲು ಬಿಟ್ಟರೆ ತಾನೇ ಧೈರ್ಯ?

ಮನೆಗೆ ಬಂದು ಊಟಕ್ಕೆ ಬಡಿಸುವಾಗ ಸುಮಾ ತೀರ್ಪು ಕೊಟ್ಟಳು. "ಮಾನ್ಯ ಹೋಗ್ಲಿ ಅತ್ತೆ. ಬಿದ್ರೂ ಕಲೀತಾಳೆ."

ಮಾನ್ಯ ತಟ್ಟೆ ಬಿಟ್ಟೆದ್ದು ಕುಣಿದಳು. ನಾನೂ ಕೂತಲ್ಲೇ ಕುಣಿದೆ. ಅಷ್ಟರಲ್ಲಿ ಸೊಸೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು ಹೇಳಿದಳು: "ಆದ್ರೆ ನೀವು ಮಾತ್ರ ಇನ್ನೊಂದ್ಸಲ ಆ ಕಡೆ ಹೋಗ್ಕೂಡ್ದು."

ನೀವೇ ಹೇಳಿ, ಇದು ಪ್ರೀತಿನಾ, ಸೇಡಾ?