ಈಜುಕೊಳದ ದಂಡೆಯಲ್ಲಿ ದೊಡ್ಡಪ್ಪ

ಆ ಹೋಟೆಲಿಗೆ ಕರೆ ಬಂದದ್ದು ದೊಡ್ಡಪ್ಪನಿಗೆ, ನನಗಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಅಲ್ಲಿದ್ದಷ್ಟು ಹೊತ್ತೂ ನಾನು ಅದನ್ನ ಒಬ್ಬರಿಗೂ ಹೇಳಲಿಲ್ಲ.

ಅಜ್ಜಂಪುರದಲ್ಲಿ ನಮ್ಮದು ಗೊಬ್ಬರದಂಗಡಿ. ಎಂಬತ್ತರ ದಶಕದ ಶುರುವಿನಲ್ಲಿ ಕಂಪನಿಯಿಂದ ಒಂದು ಕಾಗದ ಬಂತು. ಹಳೇ ಡೀಲರುಗಳನ್ನೆಲ್ಲ ಬೆಂಗಳೂರಿನ ಹೋಟೆಲಿನಲ್ಲಿ ಇಳಿಸಿ ಸನ್ಮಾನ ಮಾಡ್ತಾರಂತೆ. ಕಡೂರಿಂದ ಒಬ್ಬರು, ತರೀಕೆರೆಯಿಂದ ಇಬ್ಬರು, ನಮ್ಮೂರಿಂದ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ನನ್ನನ್ನ ಸಾಕಿ ಬಿ.ಕಾಂ. ಓದಿಸಿದ್ದು ಇದೇ ದೊಡ್ಡಪ್ಪ. ಇಂಗ್ಲಿಷ್ ಆಡೋಕೊಬ್ಬ ಇರಲಿ ಅಂತ ನನ್ನನ್ನೂ ಕರಕೊಂಡು ಹೊರಟರು.

ಹೊರಡೋ ಮುಂಚೆ ಅವರು ಕೇಳಿದ್ದು ಒಂದೇ ಮಾತು, ಅಲ್ಲಿ ಪೂಜೆಗೆ ಬಾವಿ ನೀರು ಸಿಗುತ್ತಾ ಅಂತ. ದಿನಾ ಬೆಳಿಗ್ಗೆ ಮಿಂದು, ತಾವೇ ನೀರು ಸೇದಿ, ಕೊರಳಿನ ಲಿಂಗವನ್ನ ಎಡಗೈ ಮೇಲಿಟ್ಟುಕೊಂಡು ಪೂಜೆ ಮಾಡೋರು. ಅದಾಗದೆ ಒಂದು ತೊಟ್ಟು ಕಾಫೀನೂ ಬಾಯಿಗೆ ಹಾಕೋರಲ್ಲ. ಜ್ವರ ಬಂದರೂ ಅಷ್ಟೇ. ಹೋದ ಕೂಡಲೇ ವಿಚಾರಿಸ್ತೀನಿ, ನೀವು ಯೋಚನೆ ಮಾಡಬೇಡಿ ಅಂತ ನಾನು ದೊಡ್ಡ ಮನುಷ್ಯನ ಹಾಗೆ ಮಾತು ಕೊಟ್ಟೆ.

ವಿಚಾರಿಸಿದ್ರೆ ತಾನೆ! ಹೋಟೆಲು ನೋಡಿದ ಕೂಡಲೇ ನನ್ನ ತಲೆ ತಿರುಗಿತು. ನಾಲ್ಕು ಅಂತಸ್ತು, ಕಾಲಿಟ್ಟರೆ ಜಾರೋ ನೆಲ, ಹಿಂದುಗಡೆ ಈಜುಕೊಳ, ಅದರ ಪಕ್ಕದಲ್ಲೇ ಬ್ಯಾಡ್ಮಿಂಟನ್ ಕೋರ್ಟು, ಟೇಬಲ್ ಟೆನ್ನಿಸ್ ಆಡೋಕೆ ಅಂತಲೇ ಒಂದು ಕೋಣೆ. ಕಾಲೇಜಿನಲ್ಲಿ ನಾನು ಬ್ಯಾಡ್ಮಿಂಟನ್ ಆಡ್ತಿದ್ದವನು. ಸಂಜೆ ಕೋರ್ಟಿನ ಹತ್ತಿರ ಸುಳಿದಾಡ್ತಿದ್ದಾಗ ಕಂಪನಿಯ ಮ್ಯಾನೇಜರು ಕರೆದು ಕೈಗೆ ಬ್ಯಾಟು ಕೊಟ್ಟರು. ಎರಡು ಗೇಮ್ ಆಡಿದೆವು. ಇಷ್ಟು ಚಿಕ್ಕ ವಯಸ್ಸಿಗೇ ಅಜ್ಜಂಪುರದ ಡೀಲರಾ ಅಂತ ಬೆನ್ನು ತಟ್ಟಿದರು. ಅಲ್ಲ ಸಾರ್, ಡೀಲರು ನಮ್ಮ ದೊಡ್ಡಪ್ಪ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ನಾನು ಹಲ್ಲು ಕಿರಿದು ಸುಮ್ಮನಾದೆ. ನೀರಿನ ವಿಚಾರ ಪೂರ್ತಿ ಮರೆತುಹೋಯ್ತು.

ದೊಡ್ಡಪ್ಪನಿಗೆ ಕೋಣೆ ಹಿಡಿಸಲಿಲ್ಲ. ಹಾಸಿಗೆ ಕೂತರೆ ಕುಸಿಯುತ್ತೆ ಅಂತ ನೆಲದ ಮೇಲೆ ಮಲಗಿದರು. ಬಚ್ಚಲಲ್ಲೇ ಕಕ್ಕಸು ಇರೋದು ಕಂಡು ಮುಖ ಕಿವುಚಿಕೊಂಡರು. ಸ್ನಾನವೇನೋ ಹೇಗೋ ಅಲ್ಲೇ ಮುಗಿಸಿದರು, ಆದರೆ ಆ ನಲ್ಲಿಯ ನೀರನ್ನ ಲಿಂಗಕ್ಕೆ ಎರೆಯೋದುಂಟೆ? ಬೆಳಿಗ್ಗೆ ಆರಕ್ಕೇ ನಾನು ಆಟಕ್ಕೆ ಓಡಿದ್ದೆ. ನನಗಾಗಿ ಕಾದಿರಬೇಕು. ಕಾದು ಸಾಕಾಗಿ ಕಿಟಕಿಯಿಂದ ಇಣುಕಿದಾಗ ಕಂಡಿದ್ದು ಮೆಟ್ಟಿಲಿರೋ, ತಳ ಕಾಣೋವಷ್ಟು ತಿಳಿಯಾದ ನೀರು. ಜೀವಮಾನವೆಲ್ಲ ದೇವಸ್ಥಾನದ ಕಲ್ಯಾಣಿ ನೋಡಿದವರಿಗೆ ಅದು ಇನ್ನೇನಾಗಿ ಕಾಣಬೇಕು ಹೇಳಿ.

ಬರೀ ಪಂಚೆ, ಮೈತುಂಬ ವಿಭೂತಿ, ಕೈಯಲ್ಲಿ ತಂಬಿಗೆ. ಎರಡು ಮೆಟ್ಟಿಲು ಇಳಿದು ಕಾಲು ತೊಳೆದರು. ತಂಬಿಗೆ ತುಂಬಿಕೊಂಡು ದಂಡೆ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಲಿಂಗ ಕೈಗೆ ತಗೊಂಡು ಕಣ್ಣು ಮುಚ್ಚಿದರು. ಈಜೋಕೆ ಬಂದಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಪಕ್ಕದ ಕೋರ್ಟಿನಲ್ಲಿ ಮ್ಯಾನೇಜರ ಜೊತೆ ಆಡ್ತಿದ್ದ ನಾನು ಆಟ ನಿಲ್ಲಿಸಿದೆ.

ಅಲ್ಲಿನ ಕಾವಲಿನವನು ಓಡಿಬಂದ. ಯಾರು ನೀನು, ಯಾವ ರೂಮು, ಒಳಗೆ ಹೇಗೆ ಬಂದೆ ಅಂತ ಕೂಗಾಡಿದ. ದೊಡ್ಡಪ್ಪ ಮಿಸುಕಲಿಲ್ಲ. ಲಿಂಗ ಕೈ ಮೇಲಿದ್ದಾಗ ಅವರು ಮಾತಾಡೋರಲ್ಲ, ಏಳೋರಲ್ಲ. ನಮ್ಮ ಮನೆಯ ಸಣ್ಣ ಮಕ್ಕಳಿಗೂ ಅದು ಗೊತ್ತು. ಅವರ ಪರವಾಗಿ ಬಾಯಿ ಬಿಡಬೇಕಾದ ಮಹಾನುಭಾವ ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಬ್ಯಾಟು ಹಿಡಿದು ನಿಂತಿದ್ದೆ.

ಮ್ಯಾನೇಜರು ಕೇಳಿದರು, "ಯಾರ್ರೀ ಅದು? ನಿಮ್ಮ ಜೊತೆ ಬಂದೋರಲ್ವಾ?"

"ನಮ್ಮ ಅಂಗಡೀಲಿ ತೂಕ ಹಾಕೋರು ಸಾರ್" ಅಂದೆ.

ಪೂರ್ತಿ ಸುಳ್ಳೂ ಅಲ್ಲ. ತಕ್ಕಡಿ ಮುಂದೆ ಕೂರ್ತಿದ್ದದ್ದು ಅವರೇ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕಾವಲಿನವನು ಭುಜ ಹಿಡಿದು ಎಬ್ಬಿಸಿದ, ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು. ದೊಡ್ಡಪ್ಪ ಲಿಂಗವನ್ನ ಎರಡು ಕೈಯಲ್ಲೂ ಮುಚ್ಚಿಕೊಂಡು ಎದ್ದರು. ನನ್ನ ಕಡೆ ಒಂದು ಸಲ ನೋಡಿ, ತಂಬಿಗೆ ಎತ್ತಿಕೊಂಡು ನಡೆದರು. ನಾನು ಆಟ ಮುಂದುವರಿಸಿದೆ. ಆ ಗೇಮ್ ಗೆದ್ದೆ ಕೂಡ, ನಾಚಿಕೆಗೆಟ್ಟವನು.

ಅವತ್ತು ಬೆಳಗಿನ ತಿಂಡಿಗೆ ದೊಡ್ಡಪ್ಪ ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದಾಗ ಹೊಟ್ಟೆ ಸರಿಯಿಲ್ಲ ಅಂತ ಉಳಿದವರಿಗೆ ಹೇಳಿ ಹೊರಗಿನ ಬೆಂಚಿನ ಮೇಲೆ ಕೂತರು. ಯಾಕೆ ಉಣ್ಣಲಿಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತು. ಗೊತ್ತಿದ್ದೂ ಮ್ಯಾನೇಜರ ಪಕ್ಕದಲ್ಲಿ ಕೂತು ಹೊಟ್ಟೆ ಬಿರಿಯೋ ಹಾಗೆ ತಿಂದೆ, ಮೇಲೆ ಐಸ್ ಕ್ರೀಮ್ ಬೇರೆ.

ಊಟ ಆದ ಮೇಲೆ ಸನ್ಮಾನ. ಮೈಕಿನಲ್ಲಿ ದೊಡ್ಡಪ್ಪನ ಹೆಸರು ಕೂಗಿದರು. ಅವರು ಎದ್ದು ನಿಧಾನಕ್ಕೆ ವೇದಿಕೆ ಹತ್ತಿದಾಗ ಮ್ಯಾನೇಜರು ಶಾಲು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ನೆಲ ಬಾಯಿಬಿಟ್ಟು ನನ್ನನ್ನ ನುಂಗಬಾರದಾ ಅನ್ನಿಸಿತು. ಅಂಗಡಿ ಯಜಮಾನರು ನೀವೇನಾ ಅಂತ ಅವರು ದೊಡ್ಡಪ್ಪನನ್ನೇ ಕೇಳಿದರು.

"ಹೆಸ್ರು ಮಾತ್ರ ನಂದು ಸ್ವಾಮಿ. ಯಾಪಾರವೆಲ್ಲಾ ನಮ್ ಹುಡುಗಂದೇ. ನಾನು ತೂಕ ಹಾಕ್ಕಂಡು ಕುಂತಿರ್ತೀನಿ, ಅಷ್ಟೆಯಾ."

ಬೆಳಿಗ್ಗೆ ದಂಡೆ ಮೇಲೆ ಕಣ್ಣು ಮುಚ್ಚಿದ್ದರೂ ಅವರ ಕಿವಿ ತೆರೆದೇ ಇತ್ತು. ಹೊದಿಸಿದ ಶಾಲನ್ನ ತೆಗೆದು, ನನ್ನನ್ನ ಮೇಲೆ ಕರೆದು, ನನ್ನ ಹೆಗಲಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಗಡಿ ಕಟ್ಟಿದ್ದು ಯಾರು ಅಂತ ಬಲ್ಲ ಕಡೂರಿನವರು ಮಾತ್ರ ಕೈ ಕಟ್ಟಿಕೊಂಡು ನನ್ನನ್ನೇ ನೋಡ್ತಿದ್ದರು. ಮಾತಿನಲ್ಲಿ ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ವೇದಿಕೆ ಇಳಿದವನೇ ಅಡುಗೆಮನೆ ಕಡೆ ಓಡಿದೆ. ಬಾವಿ ಎಲ್ಲಾದರೂ ಇದೆಯಾ ಅಂತ ಸಿಕ್ಕಿದವರನ್ನೆಲ್ಲ ಕೇಳಿದೆ. ತೋಟದ ಮಾಲಿ, ಅಯ್ಯೋ ಇಲ್ಲೇ ಇದೆಯಲ್ಲ ಸ್ವಾಮಿ, ಗಿಡಕ್ಕೆಲ್ಲ ಅದೇ ನೀರು ಅಂತ ಕರಕೊಂಡು ಹೋಗಿ ತೋರಿಸಿದ. ಕೋರ್ಟಿನಿಂದ ಐವತ್ತು ಹೆಜ್ಜೆ, ರಾಟೆ ಹಗ್ಗ ಎಲ್ಲಾ ಇತ್ತು. ಹಿಂದಿನ ಸಂಜೆ ಒಂದು ಮಾತು ಕೇಳಿದ್ದರೆ ಮುಗಿದುಹೋಗ್ತಿತ್ತು.

ದೊಡ್ಡಪ್ಪನನ್ನ ಕರಕೊಂಡು ಬಂದು ಹಗ್ಗಕ್ಕೆ ಕೈ ಹಾಕಿದೆ. ಪೂಜೆ ನೀರು ಬೇರೆಯವರು ಸೇದಬಾರದು ಅಂತ ಅವರು ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡರು. ಬೆಳಗಿನಿಂದ ಏನೂ ಬೀಳದ ಹೊಟ್ಟೆ, ಅರವತ್ತು ದಾಟಿದ ಮೈ. ಕೊಡ ಅರ್ಧ ಮೇಲೆ ಬರೋ ಹೊತ್ತಿಗೆ ಎರಡು ಸಲ ನಿಂತು ಸುಧಾರಿಸಿಕೊಂಡರು. ಹಗ್ಗ ಎಳೀತಾನೇ ನನ್ನ ಕಡೆ ನೋಡದೆ ಕೇಳಿದರು.

"ನೀನು ಉಂಡೇನೋ ಮಗಾ?"

"ಉಂಡೆ ದೊಡ್ಡಪ್ಪ."

"ಒಳ್ಳೇದಾಯ್ತು ಬಿಡು" ಅಂದರು.