ಬಸವರಾಜನನ್ನು ಬಸವರಾಜದುರ್ಗಕ್ಕೆ ಕರೆದುಕೊಂಡು ಹೋದದ್ದು

ಜನವರಿ ಕೊನೆಯ ವಾರದ ಒಂದು ಸೋಮವಾರ, ಬೆಳಿಗ್ಗೆ ಆರಕ್ಕೆ ಸವಣೂರಿನಲ್ಲಿ ಹಾನಗಲ್ ಬಸ್ಸು ಹತ್ತಿದೆ. ಮದುವೆ ಕಾಲದ ಹೊಲಿಗೆ ಕೆಲಸ ಶುರುವಾಗಲು ಇನ್ನೂ ಹದಿನೈದು ದಿನ ಇತ್ತು. ನನ್ನ ದರ್ಜಿ ಅಂಗಡಿಗೆ ಮೂರು ದಿನ ಬೀಗ ಹಾಕಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಹೆಂಡತಿ ಮಾಬೂಬಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕುರುಕಲಿಗೆ ಎರಡು ಪೊಟ್ಟಣ ಸವಣೂರ ಖಾರಾ ಕಟ್ಟಿಕೊಟ್ಟಿದ್ದಳು. ಸಮುದ್ರದ ನಡುವೆ ಹೋಗುವವನಿಗೆ ಹಸಿವೆ ಹೆಚ್ಚು ಎಂದು ಅವಳಿಗೆ ಯಾರೋ ಹೇಳಿದ್ದರಂತೆ.

ಈ ಪ್ರಯಾಣದ ಯೋಚನೆ ನನ್ನದಲ್ಲ, ನನ್ನ ಗೆಳೆಯ ಬಸವರಾಜನದು. ನಾವಿಬ್ಬರೂ ಸವಣೂರಿನ ಒಂದೇ ಓಣಿಯಲ್ಲಿ ಬೆಳೆದವರು. ಅವನು ಅಂಚೆ ಇಲಾಖೆ ಸೇರಿ ಹಾನಗಲ್ಲಿಗೆ ಹೋದ, ಅಲ್ಲೇ ಮನೆ ಕಟ್ಟಿಕೊಂಡ, ಕಳೆದ ವರ್ಷ ನಿವೃತ್ತನಾದ. ದೀಪಾವಳಿಯ ಹೊತ್ತಿಗೆ ಸವಣೂರಿಗೆ ಬಂದು ನನ್ನ ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಿದ್ದವನು ಒಮ್ಮೆಲೇ ಕನ್ನಡಕ ಸರಿಮಾಡಿಕೊಂಡ. "ಲೇ ಖಾದ್ರಿ, ಹೊನ್ನಾವರದ ಹತ್ರ ಸಮುದ್ರದಾಗ ಒಂದು ನಡುಗಡ್ಡಿ ಐತಂತ. ಬಸವರಾಜದುರ್ಗ ಅಂತ ಹೆಸರು. ನನ್ನ ಹೆಸರಿನ ಊರು, ನಾ ನೋಡದ ಸಾಯಬೇಕೇನ?" ಎಂದ.

ನಾನು ನಕ್ಕೆ. ಯಾಕೆಂದರೆ ಬಸವರಾಜನಿಗೆ ನೀರು ಕಂಡರೆ ಆಗುವುದಿಲ್ಲ. ಟಪಾಲು ಹಂಚುವಾಗ ವರದಾ ನದಿಯ ಆಚೆ ದಂಡೆಯ ಹಳ್ಳಿಗಳಿಗೆ ಎಲ್ಲರೂ ಹರಿಗೋಲಿನಲ್ಲಿ ದಾಟಿದರೆ, ಇವನು ಸೇತುವೆ ಸುತ್ತಿ ಸೈಕಲ್ ತುಳಿಯುತ್ತಿದ್ದ. ಮಳೆಗಾಲದಲ್ಲಿ ಕೆಸರಿನಲ್ಲಿ ಸೈಕಲ್ ಹೊತ್ತುಕೊಂಡು ನಡೆದದ್ದೂ ಉಂಟು. ಅಂಥವನು ದೋಣಿ ಹತ್ತುತ್ತೇನೆ ಎಂದಾಗ ನಾನು ನಂಬಲಿಲ್ಲ. ಆದರೆ ಹಾನಗಲ್ ಬಸ್ ನಿಲ್ದಾಣದಲ್ಲಿ ಅವನು ಹೊಸ ಟೋಪಿ ಹಾಕಿಕೊಂಡು, ಎರಡು ಚೀಲ ಹಿಡಿದು, ನನಗಿಂತ ಮೊದಲೇ ಬಂದು ನಿಂತಿದ್ದ.

ಶಿರಸಿ ಬಸ್ಸು ತುಂಬಿತ್ತು. ಹೆಂಗಸರಿಗೆ ಟಿಕೆಟ್ ಇಲ್ಲದ ಕಾಲ. ಸೀಟುಗಳೆಲ್ಲ ಅವರವೇ. ದುಡ್ಡು ಕೊಟ್ಟು ಟಿಕೆಟ್ ತೆಗೆದ ನಾವು ನಿಂತೇ ಹೋದೆವು. "ಅಜ್ಜಾರ, ಬರ್ರಿ, ಇಲ್ಲಿ ಕುಂಡ್ರಿ" ಎಂದು ಒಬ್ಬ ಹೆಣ್ಣುಮಗಳು ಎದ್ದು ಜಾಗ ಕೊಟ್ಟಳು. ಅಜ್ಜ ಎಂದದ್ದು ಬಸವರಾಜನಿಗೆ ಹಿಡಿಸಲಿಲ್ಲ. ಆದರೂ ಕೂತ.

ಶಿರಸಿಯಲ್ಲಿ ಚಹಾ ಕುಡಿದು ಕುಮಟೆಯ ಬಸ್ಸು ಹಿಡಿದೆವು. ಘಟ್ಟದ ತಿರುವುಗಳು ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಒಣ ಚಳಿ ಹೋಗಿ ಅಂಗಿ ಬೆನ್ನಿಗೆ ಅಂಟತೊಡಗಿತು. ಕುಮಟೆಯಲ್ಲಿ ಬಸ್ಸು ಬದಲಿಸಿದ ಮೇಲೆ, ಹೊನ್ನಾವರಕ್ಕೆ ಮುಂಚೆ ಹಿನ್ನೀರಿನ ಮೇಲೊಂದು ಸೇತುವೆ ಬಂತು. ಬಸವರಾಜ ಕಣ್ಣು ಮುಚ್ಚಿ, "ದಾಟಿತೇನಲೇ?" ಎಂದು ಎರಡು ಸಲ ಕೇಳಿದ. ಮೂರು ಗಂಟೆಗೆ ಹೊನ್ನಾವರ ತಲುಪಿದೆವು. ಬಂದರಿನಲ್ಲಿ ವಿಚಾರಿಸಿದಾಗ ಮಾದೇವ ಎಂಬ ದೋಣಿಯವನು ಸಿಕ್ಕ. ನಲವತ್ತರ ಆಸುಪಾಸಿನ, ಬಿಸಿಲಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಮನುಷ್ಯ. ಹೋಗಿಬರಲು ಮೂರು ಸಾವಿರ ಎಂದ. ಬಂದರಿನ ಕಚೇರಿಯಲ್ಲಿ ಹೆಸರು, ಊರು ಬರೆಸಿ, ಆಧಾರ್ ಕಾರ್ಡಿನ ನಕಲು ಕೊಡಬೇಕಾಯಿತು.

"ಬೆಳಿಗ್ಗೆ ಆರೂವರೆಗೆ ಬನ್ರಾ. ಮಧ್ಯಾಹ್ನದ ಮೇಲೆ ಗಾಳಿ ಏಳ್ತದೆ. ಅಷ್ಟ್ರೊಳಗೆ ವಾಪಸ್ ಹೊರಡುವಾ" ಎಂದು ಮಾದೇವ ಒತ್ತಿ ಹೇಳಿದ.

ಮರುದಿನ ನಾವು ಹೋದಾಗ ದೋಣಿಯಲ್ಲಿ ಮಾದೇವನ ಹೆಂಡತಿ ಗಿರಿಜೆಯೂ ಇದ್ದಳು. ದ್ವೀಪದ ಗುಡಿಗೆ ಹೂವು ಏರಿಸುವುದಿತ್ತಂತೆ, ಹಾಗೆಯೇ ಸಾರಿಗೆಂದು ಬಂಡೆಗಳಿಗೆ ಅಂಟಿದ ಚಿಪ್ಪಿಕಲ್ಲು ಕಿತ್ತು ತರುವುದೂ ಇತ್ತು. ನಮ್ಮಿಬ್ಬರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದರು. ನನ್ನದರ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಸೂಜಿ ದಾರ ಯಾವಾಗಲೂ ಕಿಸೆಯಲ್ಲಿ ಇರುವುದರಿಂದ ದೋಣಿ ಹೊರಡುವ ಮೊದಲೇ ಹೊಲಿದುಬಿಟ್ಟೆ. ಗಿರಿಜೆ ಅದನ್ನು ನೋಡಿ, "ನಮ್ಮನೇಲಿ ಇನ್ನೂ ನಾಕು ಅದೆ, ಕೊಡ್ಲಾ?" ಎಂದಳು.

ಶರಾವತಿ ಸಮುದ್ರ ಸೇರುವ ಅಳಿವೆಯೇ ಕಷ್ಟದ ಜಾಗ. ಅಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬಗಳಿವೆ, ನದಿಯ ನೀರೂ ಕಡಲಿನ ತೆರೆಯೂ ಎದುರುಬದುರಾಗುತ್ತವೆ. ಮಾದೇವ ಎಂಜಿನ್ನಿನ ಸದ್ದು ತಗ್ಗಿಸಿ, ತೆರೆ ಎಣಿಸುತ್ತ ಕಾದು, ಒಮ್ಮೆಲೇ ನುಗ್ಗಿಸಿದ. ಬಸವರಾಜ ದೋಣಿಯ ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕಣ್ಣು ಮುಚ್ಚಿ ವಚನ ಹೇಳುತ್ತಿದ್ದ. ಅಳಿವೆ ದಾಟಿದ ಮೇಲೆ ನೀರು ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸಪಾಟಾಯಿತು. ಆಗ ಅವನು ಒಂದು ಕಣ್ಣು ತೆರೆದ. ಹಿಂದೆ ಸಹ್ಯಾದ್ರಿಯ ಸಾಲು, ಮುಂದೆ ಕೆಂಪು ಗೋಡೆ ಸುತ್ತಿಕೊಂಡ ಒಂದು ಚಪ್ಪಟೆ ಗುಡ್ಡ.

"ಅದ ಏನು ನಮ್ಮೂರು?" ಎಂದು ಕೇಳಿದ.

"ಅದೇ ಒಡೆಯಾ" ಎಂದಳು ಗಿರಿಜೆ.

ದ್ವೀಪದಲ್ಲಿ ದೋಣಿಕಟ್ಟೆ ಇಲ್ಲ. ಬಂಡೆಯ ಪಕ್ಕಕ್ಕೆ ದೋಣಿ ತಂದು, ತೆರೆಯ ಮೇಲೆ ಅದು ಏರಿದಾಗ ಹೆಜ್ಜೆ ಎತ್ತಿ ಬಂಡೆಗೆ ಇಡಬೇಕು. ಬೆಳಗಿನ ನೀರು ಶಾಂತವಾಗಿತ್ತು. ಮಾದೇವ ಒಂದು ತೋಳು, ನಾನೊಂದು ತೋಳು ಹಿಡಿದು ಬಸವರಾಜನನ್ನು ಹೆಚ್ಚುಕಡಿಮೆ ಎತ್ತಿಯೇ ಇಳಿಸಿದೆವು. ಬಂಡೆ ಮುಟ್ಟಿದವನೇ ಅವನು ಚಪ್ಪಲಿ ಬಿಟ್ಟು ನೆಲಕ್ಕೆ ನಮಸ್ಕಾರ ಮಾಡಿದ.

ಮುಂದಿನ ನಾಲ್ಕು ತಾಸು ನಾನು ಕಂಡ ಅತ್ಯಂತ ಖುಷಿಯ ಮನುಷ್ಯ ಅವನೇ. ಕೆಳದಿಯ ಅರಸರ ಕಾಲದ ಕೋಟೆಯಂತೆ. ಮಂಚದಷ್ಟು ದೊಡ್ಡ ಕೆಂಪು ಕಲ್ಲುಗಳನ್ನು ಸಂದು ಕಾಣದ ಹಾಗೆ ಜೋಡಿಸಿದ್ದಾರೆ. ನಲವತ್ತೈದು ವರ್ಷ ಬಟ್ಟೆ ಜೋಡಿಸಿದ ನನಗೂ ಅಷ್ಟು ಅಚ್ಚುಕಟ್ಟು ಬಂದಿಲ್ಲ. ಬಸವರಾಜ ಕೋಟೆಯ ಬಾಗಿಲಲ್ಲಿ ನಿಂತು ಟೋಪಿ ತೆಗೆದು, "ಬರ್ರಿ, ಬರ್ರಿ, ನಮ್ಮ ಕೋಟಿಗೆ ಬರ್ರಿ" ಎಂದು ನಮ್ಮನ್ನೆಲ್ಲ ಸ್ವಾಗತಿಸಿದ. ಒಳಗೆ ಎದೆಮಟ್ಟದ ಒಣಹುಲ್ಲು, ಅದರ ನಡುವೆ ತುಕ್ಕು ಹಿಡಿದು ಮಲಗಿದ ಒಂದು ಪಿರಂಗಿ. ಅದರ ಮೇಲೆ ಕೈ ಇಟ್ಟು ನನ್ನಿಂದ ಏಳು ಫೋಟೊ ತೆಗೆಸಿಕೊಂಡ. ಸುತ್ತ ಉಪ್ಪುನೀರು ಇದ್ದರೂ ನಡುವಿನ ಹೊಂಡದ ನೀರು ಸಿಹಿ. ಅದನ್ನು ಬೊಗಸೆಯಲ್ಲಿ ಕುಡಿದು, "ಹಾನಗಲ್ಲ ನಳದ ನೀರಕಿಂತ ಚಲೋ ಐತಿ" ಎಂದ.

ಪಶ್ಚಿಮದ ಗೋಡೆಯ ಮೇಲೆ ಕೂತಾಗ ಒಂದು ಕಡಲಹದ್ದು ನಮ್ಮ ಕಣ್ಣಿನ ಮಟ್ಟದಲ್ಲೇ ರೆಕ್ಕೆ ಬಡಿಯದೆ ತೇಲಿಹೋಯಿತು. ಅದರಾಚೆ ನೀರು ಬಿಟ್ಟರೆ ಏನೂ ಇಲ್ಲ. ಗುಡಿಯ ಮುಂದೆ ಬುತ್ತಿ ಬಿಚ್ಚಿದೆವು. ಗಿರಿಜೆಗೆ ಖಡಕ್ ರೊಟ್ಟಿ ಹೊಸದು. "ಇದು ಹಪ್ಪಳವಾ?" ಎಂದು ಕೇಳಿ, ಚಟ್ನಿ ಹಚ್ಚಿಕೊಂಡು ಮೂರು ತಿಂದಳು. ಸವಣೂರ ಖಾರಾ ಮಾದೇವನ ಕಣ್ಣಲ್ಲಿ ನೀರು ತರಿಸಿತು, ಆದರೂ ಪೊಟ್ಟಣ ಬಿಡಲಿಲ್ಲ. ಅವರು ತಂದ ಹುರಿದ ಮೀನು ನನ್ನ ಪಾಲಿಗೆ ಬಂತು. ಬಸವರಾಜನಿಗೆ ಮೀನು ಆಗದು. ಅವನು ಗಾಳಿಗೆ ಬೆನ್ನು ಕೊಟ್ಟು ಕೂತ.

ಆಗಲೇ ಮಾದೇವ ತಲೆ ಎತ್ತಿ ಗಾಳಿಯ ಕಡೆ ನೋಡಿದ್ದು. ಒಂದು ಗಂಟೆಗೆ ಏಳಬೇಕಾದ ಗಾಳಿ ಹನ್ನೊಂದೂವರೆಗೇ ಎದ್ದಿತ್ತು. ಎಲ್ಲ ಕಟ್ಟಿಕೊಂಡು ಬಂಡೆಯ ಹತ್ತಿರ ಇಳಿದು ಬಂದಾಗ ಬೆಳಗಿನ ನೀರೇ ಇದು ಎಂದು ನಂಬುವ ಹಾಗಿರಲಿಲ್ಲ. ದೋಣಿ ಬಂಡೆಯ ಸಮಕ್ಕೆ ಏರುತ್ತಿತ್ತು, ಮರುಕ್ಷಣ ಆಳುದ್ದ ಕೆಳಗೆ ಬೀಳುತ್ತಿತ್ತು. ಮಾದೇವ ಎಂಜಿನ್ನು ಹಿಡಿದು ದೋಣಿಯಲ್ಲಿ ನಿಂತ. ಗಿರಿಜೆ ಚಿಪ್ಪಿಕಲ್ಲಿನ ಬುಟ್ಟಿಯ ಸಮೇತ ಒಂದೇ ನೆಗೆತಕ್ಕೆ ದೋಣಿಯೊಳಗೆ ಹೋದಳು.

"ಮೇಲೆ ಬಂದಾಗ ಕಾಲಿಡಿ, ಅಷ್ಟೆ. ನಾನು ಹಿಡ್ಕಳ್ತೆ" ಎಂದು ಕೂಗಿದಳು.

ಬಸವರಾಜ ಬಂಡೆಯ ಮೇಲೆ ಕುಕ್ಕರಿಸಿ ಕೂತುಬಿಟ್ಟ. ಮೊದಮೊದಲು ನಾನು ಚೇಷ್ಟೆ ಮಾಡಿದೆ, ಆಮೇಲೆ ಬೈದೆ, ಆಮೇಲೆ ಬೇಡಿಕೊಂಡೆ. ಮಾದೇವ ದೋಣಿಯನ್ನು ಮೂರು ಸಲ ಹತ್ತಿರ ತಂದ, ಮೂರು ಸಲವೂ ಬಂಡೆಗೆ ಬಡಿಯುವ ಭಯಕ್ಕೆ ಹಿಂದೆ ಸರಿಸಿದ. "ಇನ್ನು ಅರ್ಧ ತಾಸಾದ್ರೆ ನಂಗೂ ಆಗೂದಿಲ್ಲ. ಅಳಿವೆ ದಾಟೂಕೆ ಆಗೂದಿಲ್ಲ" ಎಂದ. ಅವನ ದನಿಯಲ್ಲಿ ಈಗ ನಗು ಇರಲಿಲ್ಲ.

"ಖಾದ್ರಿ, ನೀ ಹೋಗು" ಎಂದ ಬಸವರಾಜ. "ನನ್ನ ಕಾಲು ನಿನಗ ಗೊತ್ತೈತಿ. ಮೋತಿ ತಲಾಬದಾಗ ಜಾರಿದ ದಿನದಿಂದ ನೀರಿನ ದಂಡಿ ಮ್ಯಾಲೆ ನನ್ನ ಕಾಲು ನಿಲ್ಲಂಗಿಲ್ಲ. ಅದು ಕಾಲಿನ ದೋಷ. ಹೆಜ್ಜಿ ಎತ್ತಿದ್ರ ಜಾರತೇತಿ."

ಮೋತಿ ತಲಾಬ ಎಂದರೆ ನಮ್ಮ ಸವಣೂರಿನ ಕೆರೆ. ಹತ್ತು ವರ್ಷದವರಿದ್ದಾಗ ನಾವಿಬ್ಬರೂ ಅದರ ಮೆಟ್ಟಿಲ ಮೇಲೆ ಆಡುತ್ತಿದ್ದೆವು. ಬಸವರಾಜ ನೀರಿಗೆ ಬಿದ್ದ, ಎರಡು ಸಲ ಮುಳುಗಿದ, ಬಟ್ಟೆ ಒಗೆಯುತ್ತಿದ್ದ ನಿಂಗಪ್ಪ ಎಂಬವನು ಕೂದಲು ಹಿಡಿದು ಎಳೆದು ಹಾಕಿದ. ಊರಿಗೆಲ್ಲ ಗೊತ್ತಿರುವ ಕಥೆ ಇಷ್ಟೇ. ಊರಿಗೆ ಗೊತ್ತಿಲ್ಲದ್ದು ನನ್ನೊಬ್ಬನಿಗೆ ಗೊತ್ತಿತ್ತು. ಐವತ್ತು ವರ್ಷದಲ್ಲಿ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಬೇರೆ ಮಾತು ಆಡಿದ್ದೇನೆ. ಆದರೆ ಅವನು ಅದನ್ನು ತನ್ನ ಕಾಲಿನ ದೋಷ ಎಂದುಕೊಂಡು ಬದುಕಿದ್ದಾನೆ ಎಂಬುದು ನನಗೆ ತಿಳಿದದ್ದು ಆ ಬಂಡೆಯ ಮೇಲೆ.

"ಬಸ್ಯಾ, ಅವತ್ತು ನಿನ್ನ ಕಾಲು ಜಾರಲಿಲ್ಲ" ಎಂದೆ. "ನಾ ನೂಕಿದೆ."

ಅವನು ನನ್ನ ಕಡೆ ನೋಡಿದ.

"ನನ್ನ ಗೋಲಿ ಎಲ್ಲಾ ಗೆದ್ದಿದ್ದಿ. ಸಿಟ್ಟ ಬಂದಿತ್ತು. ಬೆನ್ನಿಗೆ ಕೈ ಹಚ್ಚಿ ನೂಕಿದೆ. ನಿನ್ನ ಕಾಲು ಯಾವತ್ತೂ ಜಾರಿಲ್ಲ."

ಬಸವರಾಜ ನಿಧಾನವಾಗಿ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಹೊಡೆಯಲಿ ಎಂದೂ ಅಂದುಕೊಂಡೆ. "ಐವತ್ತ ವರ್ಷ! ಲೇ, ಮಳಿಯಾಗ ಸೈಕಲ್ ಹೊತಗೊಂಡ ತಿರುಗೇನಲೇ ನಾ!" ಎಂದ. ನಾನು ಕೈ ಚಾಚಿದೆ. "ಮುಟ್ಟಬ್ಯಾಡ ನನ್ನ" ಎಂದು ಕೂಗಿದವನೇ ನನ್ನ ಕಡೆ ಬೆನ್ನು ಮಾಡಿ, ಎರಡು ದಾಪುಗಾಲು ಹಾಕಿ, ದೋಣಿ ಮೇಲೆದ್ದ ಹೊತ್ತಿಗೆ ಸರಿಯಾಗಿ ಅದರೊಳಗೆ ಕಾಲಿಟ್ಟ. ಗಿರಿಜೆಗೆ ಹಿಡಿಯುವ ಕೆಲಸವೇ ಬೀಳಲಿಲ್ಲ. ಅವನು ಹೋಗಿ ಮುಂದಿನ ತುದಿಯಲ್ಲಿ ಕೂತ. ಜಾರಿ ಮೊಣಕಾಲು ಕೆತ್ತಿಸಿಕೊಂಡವನು ನಾನು.

ಅಳಿವೆಯಲ್ಲಿ ತೆರೆ ಮೂರು ಸಲ ದೋಣಿಯ ಮೇಲೆ ಹಾದುಹೋಯಿತು. ಬಸವರಾಜ ಕಣ್ಣು ಮುಚ್ಚಲಿಲ್ಲ. ಗಿರಿಜೆ ನನ್ನ ಕಿವಿಯ ಹತ್ತಿರ, "ಅವ್ರಿಗೆ ಎಂತ ಹೇಳಿದ್ರಿ?" ಎಂದು ಕೇಳಿದಳು. ನಾನು ದೋಣಿಯೊಳಗಿನ ನೀರು ತೋಡುತ್ತಲೇ ಇದ್ದೆ.

ಆ ಸಂಜೆ ಹೊನ್ನಾವರದ ಊಟದ ಮನೆಯಲ್ಲಿ ನಾವು ಬೇರೆ ಬೇರೆ ಮೇಜಿನಲ್ಲಿ ಕೂತೆವು. ಬುಧವಾರ ಬೆಳಿಗ್ಗೆ ಕುಮಟೆಯವರೆಗೆ ಮಾತಿಲ್ಲ, ಘಟ್ಟ ಹತ್ತುವಾಗಲೂ ಮಾತಿಲ್ಲ. ಶಿರಸಿಯ ನಿಲ್ದಾಣದಲ್ಲಿ ಅವನು ಬಂದು ನನ್ನ ಪಕ್ಕ ನಿಂತು, ಎದುರಿನ ಬಸ್ಸು ನೋಡುತ್ತ ಕೇಳಿದ: "ಮುಳಗಾಕತ್ತಾಗ ನೀ ಓಡೂದು ಕಂಡಿದ್ದೆ. ನೂಕಿದ ಮ್ಯಾಲೆ ಓಡಿ ಹೋದೆಲ್ಲ, ಎಲ್ಲಿಗೆ?"

"ನಿಂಗಪ್ಪನ್ನ ಕರಿಯಾಕ" ಎಂದೆ. "ಅಂವ ಬ್ಯಾರೆ ಕಡೆ ಬಟ್ಟಿ ಒಗ್ಯಾಕತ್ತಿದ್ದ. ಕೈ ಹಿಡದು ಎಳಕೊಂಡ ಬಂದೆ."

ಎದುರಿನ ಬಸ್ಸು ಹೊರಟುಹೋಗುವವರೆಗೂ ಅವನು ಅದನ್ನೇ ನೋಡಿದ. ಆಮೇಲೆ, "ಚಹಾ ನೀ ಕೊಡಸು" ಎಂದ. ಎರಡು ಕಪ್ಪು ಕುಡಿದ, ಮೇಲೆ ಒಂದು ತಟ್ಟೆ ಮಿರ್ಚಿ ಭಜಿ ತಿಂದ. ಹಾನಗಲ್ ಬಸ್ಸಿನಲ್ಲಿ ಜಾಗ ಸಿಕ್ಕಿತು. ಅವನು ಕಿಟಕಿಯ ಪಕ್ಕ ಕೂತು, ಪಿರಂಗಿಯ ಏಳು ಫೋಟೊಗಳಲ್ಲಿ ಯಾವುದು ಚೆನ್ನಾಗಿದೆ ಎಂದು ನನ್ನನ್ನೇ ಕೇಳಿದ.

ಹಾನಗಲ್ಲಿನಲ್ಲಿ ಇಳಿದಾಗ ಇನ್ನೂ ಬಿಸಿಲು ಇತ್ತು. ಸವಣೂರ ಬಸ್ಸಿಗೆ ಒಂದು ತಾಸು ಇದ್ದದ್ದರಿಂದ ಅವನ ಮನೆಗೆ ಹೋದೆವು. ಅವನ ಹೆಂಡತಿ ಶಾಂತಕ್ಕ ಬಾಗಿಲಲ್ಲೇ ಇದ್ದಳು. ಗಂಡನ ಮೈಕೈ ನೋಡಿ ಸಮಾಧಾನ ಮಾಡಿಕೊಂಡಳು. ಬಸವರಾಜ ಕೂತಲ್ಲೇ ಕಥೆ ಶುರುಮಾಡಿದ. ತೆರೆ ತೆಂಗಿನ ಮರದಷ್ಟು ಎತ್ತರವಾಯಿತು, ಬಂಡೆಗೂ ದೋಣಿಗೂ ನಡುವೆ ಎಂಟು ಅಡಿಯಾಯಿತು.

"ಖರೇನ ಹಾರಿದ್ರೇನ್ರಿ ಅಣ್ಣಾರ ಇವರು?" ಎಂದು ಶಾಂತಕ್ಕ ನನ್ನ ಕಡೆ ತಿರುಗಿದಳು.

"ಹಾರಿದ್ರ ಅಕ್ಕಾರ. ಯಾರ ಕೈನೂ ಹಿಡೀಲಿಲ್ಲ. ನಾ ಕಣ್ಣಾರೆ ನೋಡೇನಿ" ಎಂದೆ.

"ಹಳ್ಳ ದಾಟಾಕ ಅಂಜತಿದ್ರಿ. ಇಷ್ಟ ಧೈರ್ಯ ಎಲ್ಲಿಂದ ಬಂತ್ರಿ?"

ನಾನು ನೆಲ ನೋಡಿದೆ. ಬಸವರಾಜ ಟೋಪಿ ತೆಗೆದು ಗೂಟಕ್ಕೆ ಹಾಕಿದ.

"ಖಾದ್ರಿ ಒಂದು ಮಾತು ಹೇಳಿದ" ಎಂದ.

"ಏನಂತ?"

"ನಿನ್ನ ಕಾಲು ಗಟ್ಟಿ ಅದಾವಲೇ ಅಂತ."