ಬಾರದ ವಿಮಾನಕ್ಕೆ ಹಂಚಿದ ಪೇಡಾ

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಕಳೆದ ವರ್ಷ ಗ್ರೇಟರ್ ನೋಯ್ಡಾದ ನಮ್ಮ ಪಾರ್ಕಿನಲ್ಲಿ, ಬೆಳಿಗ್ಗೆ ವಾಕಿಂಗಿಗೆ ಬರುವ ಕನ್ನಡದವರಿಗೆಲ್ಲ ಪೇಡಾ ಹಂಚಿದೆ. ಯುದ್ಧವಿಮಾನಗಳ ಖರೀದಿ ಮುಗಿದೇ ಹೋಯಿತೆಂದು ಹಿಂದಿನ ದಿನವೆಲ್ಲ ಟಿವಿಯ ಒಂದು ಚಾನೆಲ್ ಅರಚಿತ್ತು.

ಗೆಳೆಯರೊಬ್ಬರು ಪೇಡಾ ಕೈಯಲ್ಲಿ ಹಿಡಿದೇ ಕೇಳಿದರು: “ಕೊಳ್ಳೋಕೆ ಒಪ್ಪಿಗೆ ಸಿಕ್ಕಿದ್ಯೋ, ಒಪ್ಪಂದಕ್ಕೆ ಸಹೀನೇ ಬಿದ್ದಿದ್ಯೋ? ಸುದ್ದೀಲಿ ಅದನ್ನೇ ಹೇಳಿಲ್ವಲ್ಲ ಸ್ವಾಮಿ.”

“ಅಚ್ಛಾ! ನಮ್ಮ ಸೇನೆಗೆ ವಿಮಾನ ಬಂದ್ರೆ ನಿಮಗೆ ಹೊಟ್ಟೆಯುರೀನಾ? ನೀವು ಯಾವ ದೇಶದವರು ರಾಯರೇ?” ಎಂದೆ. ಎಲ್ಲರೂ ನಕ್ಕರು. ಆ ಗೆಳೆಯರು ಪೇಡಾವನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಮತ್ತೆ ಪಾರ್ಕಿಗೆ ಬರಲೇ ಇಲ್ಲ.

ಮೊನ್ನೆ ಅದೇ ಚಾನೆಲ್, ಅದೇ ವಿಮಾನಗಳ ಬೆಲೆಯ ಮಾತುಕತೆ ಈಗಷ್ಟೇ ಶುರುವಾಗಿದೆ ಎಂದಿತು. ತಪ್ಪಾಯಿತೆಂಬ ಒಂದು ಮಾತೂ ಇಲ್ಲ! ರೇಗಿ ಟಿವಿ ಆರಿಸಿದೆ. ಆದರೆ ಸರ್ಕಾರಿ ಗುಮಾಸ್ತನಾಗಿದ್ದ ನನ್ನ ಬುದ್ಧಿ ಎಲ್ಲಿ ಹೋಗಿತ್ತು? ನಮ್ಮ ಸೆಕ್ಷನ್ನಿಗೆ ಕೂಲರ್ ಮಂಜೂರಾದ ಮೇಲೂ ಎರಡು ಬೇಸಿಗೆ ಬೆವರಿದ್ದೆವು.

ಚಾನೆಲ್ ಕ್ಷಮೆ ಕೇಳಲಿಲ್ಲವೆಂದು ರೇಗಿದ ನಾನೂ ಇನ್ನೂ ಪಕ್ಕದ ಬ್ಲಾಕಿನ ಆ ಬಾಗಿಲು ತಟ್ಟಿಲ್ಲ. ಅಲ್ಲಿರುವವರು ಶ್ರೀಪತಿ ರಾಯರು.